ಹಳೆಯ ಬ್ಲೂಸ್ ಮುದ್ರಿಕೆಗಳ ಸ್ಲೈಡ್ ಗಿಟಾರ್: ಬಾಟಲಿಯ ಕತ್ತೋ, ಚಾಕುವೋ, ಕೇಳಿ ಹೇಳಬಹುದೇ?

ಪ್ರಶ್ನೆ: ತಂತಿನಾದ

ಬಳಗದ ಹಿರಿಯರಲ್ಲಿ ಒಂದು ವಿಚಾರ ಕೇಳಬೇಕಿದೆ. ಇತ್ತೀಚೆಗೆ 1920 ಮತ್ತು 1930ರ ದಶಕಗಳ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆ) ಮುದ್ರಿಕೆಗಳನ್ನು, ಅದರಲ್ಲೂ ಗಿಟಾರಿನ ತಂತಿಯ ಮೇಲೆ ಗಾಜನ್ನೋ ಲೋಹವನ್ನೋ ಜಾರಿಸಿ ನುಡಿಸಿದವುಗಳನ್ನು, ಹುಡುಕಿ ಹುಡುಕಿ ಕೇಳುತ್ತಿದ್ದೇನೆ. ಒಬ್ಬರು ಬಾಟಲಿಯ ಕತ್ತನ್ನು ಬೆರಳಿಗೆ ತೊಟ್ಟು ನುಡಿಸಿದರೆಂದೂ, ಇನ್ನೊಬ್ಬರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಾಕುವಿನಿಂದ ನುಡಿಸಿದರೆಂದೂ ಬರಹಗಳಲ್ಲಿ ಓದುತ್ತೇನೆ. ಟೆಕ್ಸಸ್‌ನ ಬ್ಲೈಂಡ್ ವಿಲ್ಲಿ ಜಾನ್ಸನ್ ವಿಷಯದಲ್ಲಂತೂ ಎರಡೂ ಮಾತುಗಳು ಚಲಾವಣೆಯಲ್ಲಿವೆ. ಬರಿಯ ನಾದವನ್ನು ಕೇಳಿ ಇದನ್ನು ನಿರ್ಣಯಿಸಲು ಸಾಧ್ಯವೇ? ನನ್ನ ಕಿವಿ ಕರ್ನಾಟಕ ಸಂಗೀತದಲ್ಲಿ ಬೆಳೆದದ್ದು, ಗಿಟಾರ್ ನುಡಿಸಲು ಬಾರದು. ಗೋಟುವಾದ್ಯದ ಪರಿಚಯವಿರುವವರಿಗೆ ತಿಳಿಯುವಂತೆ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕಿರುಬೆರಳು

ತಂತಿನಾದ ಅವರೇ, ನುಡಿಸಿದ ವಿಧಾನವನ್ನು ಬಹುಮಟ್ಟಿಗೆ ಹೇಳಬಹುದು. ಕೈಯಲ್ಲಿದ್ದ ವಸ್ತು ಯಾವುದೆಂದು ಹೇಳುವುದು ಬಹಳ ಕಷ್ಟ.

ಗೋಟುವಾದ್ಯಕ್ಕೆ ಮೆಟ್ಟಿಲುಗಳಿಲ್ಲ (ಗಿಟಾರಿನವರು ಫ್ರೆಟ್ ಎನ್ನುವುದು ಇದನ್ನೇ), ತಂತಿಯ ಮೇಲೆ ಜಾರಿಸುವ ಗೋಟು ಎಲ್ಲಿ ನಿಂತಿತೋ ಅಲ್ಲೇ ಸ್ವರ. ತೊಡೆಯ ಮೇಲೆ ಮಲಗಿಸಿದ ಗಿಟಾರಿನಲ್ಲಿಯೂ ತಂತಿಗಳನ್ನು ಸಾಮಾನ್ಯವಾಗಿ ಎತ್ತರಿಸಿರುವುದರಿಂದ ಫ್ರೆಟ್‌ಗಳಿದ್ದರೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಕೇಳಿಸುವುದು ಬಿಟ್ಟ ತಂತಿಯ ಸ್ವರ, ಇಲ್ಲವೇ ಜಾರಿದ ಸ್ವರ. ಬೆರಳಿನಿಂದ ಒತ್ತಿ ಹಿಡಿದ ಸ್ವರ ಕೇಳಿಸದು. ಬಾಟಲಿಯ ಕತ್ತನ್ನು ಕಿರುಬೆರಳಿಗೋ ಉಂಗುರಬೆರಳಿಗೋ ತೊಟ್ಟವರಾದರೆ ಗಿಟಾರನ್ನು ಎಂದಿನಂತೆಯೇ ಎದೆಗೆ ಆನಿಸಿ ಹಿಡಿದಿರುತ್ತಾರೆ, ಮಿಕ್ಕ ಬೆರಳುಗಳು ಬಿಡುವಾಗಿರುತ್ತವೆ. ರಾಬರ್ಟ್ ಜಾನ್ಸನ್ 1936ರ ನವೆಂಬರಿನಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಮುದ್ರಿಸಿದ ಸ್ಲೈಡ್ ಹಾಡುಗಳನ್ನು ಗಮನವಿಟ್ಟು ಕೇಳಿ: ಕೆಳತಂತಿಗಳಲ್ಲಿ ಬೆರಳಿನಿಂದ ಒತ್ತಿದ ಸ್ವರಗಳು ಲಯವನ್ನು ಹಿಡಿದು ನಡೆಸುತ್ತಿರುವಾಗಲೇ ಮೇಲಿನ ತಂತಿಯಲ್ಲಿ ಜಾರು ಬಂದು ಹೋಗುತ್ತದೆ. ಈ ಬಗೆಯ ಬೆರಕೆ ಕೇಳಿಸಿದರೆ ಗಿಟಾರ್ ತೊಡೆಯ ಮೇಲೆ ಮಲಗಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಎಡಗೈಯವರಾದ ಕೊಕೊಮೊ ಆರ್ನಾಲ್ಡ್ ಗಿಟಾರನ್ನು ತೊಡೆಯ ಮೇಲಿಟ್ಟೇ ನುಡಿಸುತ್ತಿದ್ದರು. 1934ರಿಂದ ಅವರು ಡೆಕ್ಕಾ ಸಂಸ್ಥೆಗೆ ಮುದ್ರಿಸಿದ ಹಾಡುಗಳ ಜೊತೆಗಿಟ್ಟು ಕೇಳಿದರೆ ವ್ಯತ್ಯಾಸ ಕಿವಿಗೆ ಹತ್ತುತ್ತದೆ.

ಶ್ರುತಿಯ ವಿಚಾರವನ್ನೂ ಹೇಳಿಬಿಡುತ್ತೇನೆ. ಈ ವಾದಕರು ಬಿಟ್ಟ ತಂತಿಗಳೇ ಒಂದು ಸ್ವರಗುಚ್ಛವಾಗಿ (ಕಾರ್ಡ್) ನುಡಿಯುವಂತೆ ಗಿಟಾರನ್ನು ಶ್ರುತಿ ಮಾಡಿಕೊಳ್ಳುತ್ತಿದ್ದರು. ಓಪನ್ ಡಿ ಎಂಬುದರಲ್ಲಿ ಕೆಳಗಿನಿಂದ ಮೇಲಕ್ಕೆ ಸ, ಪ, ಸ, ಅಂತರ ಗಾಂಧಾರ, ಪ, ಸ. ಓಪನ್ ಜಿ ಎಂಬುದರಲ್ಲಿ ಪ, ಸ, ಪ, ಸ, ಅಂತರ ಗಾಂಧಾರ, ಪ. ಸ್ಲೈಡ್ ತಂತಿಯನ್ನು ಒತ್ತುವುದಿಲ್ಲ, ಫ್ರೆಟ್‌ನ ನೇರ ಮೇಲೆ ತಂತಿಯನ್ನು ತಾಕುತ್ತದೆ, ಅಷ್ಟೇ. ಹಾಗಾಗಿಯೇ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವಿನ ಜಾಗದಲ್ಲಿ ನಿಲ್ಲಲು ಸಾಧ್ಯವಾಗುತ್ತದೆ, ಮತ್ತು ಬ್ಲೂಸ್ ಹಾಡುಗಾರರ ಕಂಠ ಪದೇಪದೇ ಹೋಗಿ ನಿಲ್ಲುವುದು ಅಲ್ಲಿಯೇ.

ಉತ್ತರ: ಹಳೆತಟ್ಟೆ

ಮೇಲಿನ ಉತ್ತರಕ್ಕೆ ಮುದ್ರಣದ ಕಡೆಯಿಂದ ಒಂದು ಎಚ್ಚರಿಕೆ ಸೇರಿಸಬೇಕು. ನಾವು ಕೇಳುತ್ತಿರುವುದು ಗಿಟಾರನ್ನಲ್ಲ, ಗಿಟಾರಿನ ಒಂದು ನಿರ್ದಿಷ್ಟ ಮುದ್ರಿಕೆಯನ್ನು. ಸ್ಲೈಡ್ ಗಿಟಾರಿನ ಮೊದಲ ಬ್ಲೂಸ್ ತಟ್ಟೆಯೆಂದು ಎಣಿಸಲಾಗುವ, ಕೆಂಟಕಿಯ ಲೂಯಿವಿಲ್ ಊರಿನ ಸಿಲ್ವೆಸ್ಟರ್ ವೀವರ್ ಓಕೆ ಸಂಸ್ಥೆಗಾಗಿ ನ್ಯೂಯಾರ್ಕಿನಲ್ಲಿ ನುಡಿಸಿದ ತಟ್ಟೆ 1923ರದು. ಆಗ ಮೈಕ್ ಇರಲಿಲ್ಲ, ನಾದವನ್ನು ದೊಡ್ಡ ಕೊಳವೆಯೊಂದರ ಮೂಲಕ ನೇರವಾಗಿ ಮೇಣದ ಮೇಲೆ ಕೊರೆಯುತ್ತಿದ್ದರು. 1925ರಲ್ಲಿ ವಿದ್ಯುತ್ ಮುದ್ರಣ ಬಂದ ಮೇಲೆಯೇ ತಂತಿಯ ಮೇಲೆ ಸ್ಲೈಡ್ ಉಜ್ಜುವ ಸದ್ದು, ಬೆರಳು ಮೀಟುವ ಸೂಕ್ಷ್ಮ ಇವೆಲ್ಲ ತಟ್ಟೆಗೆ ಇಳಿಯತೊಡಗಿದ್ದು. ವೀವರ್ ಅವರ ನಾದ ಮಂಕಾಗಿ ಕೇಳಿಸುವುದಕ್ಕೆ ಅವರ ಕೈಯಲ್ಲಿದ್ದ ವಸ್ತುವನ್ನು ಕಾರಣವೆನ್ನುವುದು ನ್ಯಾಯವಲ್ಲ. ಸನ್ ಹೌಸ್ 1930ರಲ್ಲಿ ವಿಸ್ಕಾನ್ಸಿನ್‌ನ ಗ್ರಾಫ್ಟನ್‌ನಲ್ಲಿ ಪ್ಯಾರಾಮೌಂಟ್ ಸಂಸ್ಥೆಗೆ ಮುದ್ರಿಸಿದ ಹಾಡುಗಳದು ಇನ್ನೊಂದು ಕಥೆ. ಆ ಸಂಸ್ಥೆ ಕುರ್ಚಿ ಮಾಡುವ ಕಂಪನಿಯೊಂದಕ್ಕೆ ಸೇರಿದ್ದು, ಅದರ ತಟ್ಟೆಗಳ ಅರಗು ಕಳಪೆ. ಉಳಿದಿರುವ ಪ್ರತಿಗಳಲ್ಲಿ ಗರಗರ ಸದ್ದಿನ ಹಿಂದಿನಿಂದಲೇ ಎಲ್ಲವನ್ನೂ ಹೆಕ್ಕಿ ಕೇಳಬೇಕು.

ವಿಧಾನದ ಮೂಲದ ಬಗ್ಗೆಯೂ ಒಂದು ಮಾತು. 1903ರ ಸುಮಾರಿಗೆ ಮಿಸಿಸಿಪ್ಪಿಯ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಒಬ್ಬ ಕಪ್ಪು ಸಂಗೀತಗಾರ ತಂತಿಗಳ ಮೇಲೆ ಚಾಕು ಒತ್ತಿ ನುಡಿಸುತ್ತಿದ್ದುದನ್ನು ಬ್ಲೂಸ್ ಸಂಯೋಜಕ ಡಬ್ಲ್ಯೂ. ಸಿ. ಹ್ಯಾಂಡಿ 1941ರ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ, ಅದನ್ನು ಹವಾಯಿಯ ಗಿಟಾರ್ ವಾದಕರ ರೀತಿಗೆ ಹೋಲಿಸಿದ್ದಾರೆ. ಹವಾಯಿ ಸಂಗೀತದ ಹುಚ್ಚು ಅಮೆರಿಕದಲ್ಲೆಲ್ಲ ಹರಡಿದ್ದು 1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ ನಂತರ. ಇನ್ನೊಂದೆಡೆ, ಗೋಡೆಗೆ ಒಂದೇ ತಂತಿ ಬಿಗಿದು ಶೀಶೆ ಜಾರಿಸಿ ನುಡಿಸುವ ಡಿಡ್ಲಿ ಬೋ ಎಂಬ ಮಕ್ಕಳ ವಾದ್ಯ ದಕ್ಷಿಣದ ಹಳ್ಳಿಗಳಲ್ಲಿತ್ತು. ಎರಡನ್ನೂ ಒಪ್ಪಿಕೊಳ್ಳದೆ ಒಂದನ್ನೇ ಮೂಲವೆಂದು ಹಟ ಹಿಡಿಯುವ ಬರಹಗಳನ್ನು ನಾನು ನಂಬುವುದಿಲ್ಲ.

ಉತ್ತರ: ಮಂದ್ರ

ವಸ್ತುವಿನ ಚರ್ಚೆಗೆ ನಾವು ಅಗತ್ಯಕ್ಕಿಂತ ಹೆಚ್ಚು ಬೆಲೆ ಕೊಡುತ್ತಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಮಿಸಿಸಿಪ್ಪಿ ಫ್ರೆಡ್ ಮ್ಯಾಕ್‌ಡವೆಲ್ ಚಿಕ್ಕಂದಿನಲ್ಲಿ ಕಂಡದ್ದು ದನದ ಪಕ್ಕೆಲುಬಿನ ಸ್ಲೈಡ್. ತಾವು ಮೊದಲು ಚಾಕುವಿನಿಂದ ನುಡಿಸಿ, ಆಮೇಲೆ ಗಾಜಿಗೆ ಬಂದರು. 1959ರಲ್ಲಿ ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮೊದಲ ಬಾರಿಗೆ ಅವರ ಹಾಡನ್ನು ಮುದ್ರಿಸಿಕೊಂಡಾಗ ಕೇಳಿಬಂದದ್ದು ಒಂದು ಕಂಠ ಮತ್ತು ಅದರ ಜೊತೆಜೊತೆಗೇ ಹಾಡುವ ಒಂದು ತಂತಿ.

ವಿಲ್ಲಿ ಜಾನ್ಸನ್ ಹಾಡಿದ್ದು ಬ್ಲೂಸ್ ಅಲ್ಲ, ಕ್ರೈಸ್ತ ಭಕ್ತಿಗೀತೆಗಳನ್ನು. ಆದರೂ ಈ ಚರ್ಚೆಯಿಂದ ಅವರನ್ನು ಹೊರಗಿಡಲಾಗದು. 1927ರ ಡಿಸೆಂಬರ್ 3ರಂದು ಡಲ್ಲಾಸ್‌ನಲ್ಲಿ ಕೊಲಂಬಿಯಾ ಸಂಸ್ಥೆಗೆ ಅವರು ಮುದ್ರಿಸಿದ ‘ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್’ ಎಂಬುದರಲ್ಲಿ ಸಾಹಿತ್ಯವೇ ಇಲ್ಲ, ಗುನುಗು ಮತ್ತು ನರಳಿಕೆ ಮಾತ್ರ. ತಂತಿ ಒಂದು ಎಳೆಯನ್ನು ಎತ್ತುತ್ತದೆ, ಕಂಠ ಅದನ್ನು ಹಿಡಿಯುತ್ತದೆ. ಎಲ್ಲಿ ತಂತಿ ಮುಗಿದು ಎಲ್ಲಿ ಕಂಠ ಮೊದಲಾಯಿತು ಎಂಬುದು ಹಲವು ಕಡೆ ಗೊತ್ತೇ ಆಗುವುದಿಲ್ಲ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಕಳಿಸಿದ ತಟ್ಟೆಯಲ್ಲಿ ಇದನ್ನು ಸೇರಿಸಿದ್ದಾರೆ. ಪದಗಳಿರುವ ಹಾಡುಗಳಲ್ಲಿಯೂ ಅವರು ಸಾಲಿನ ಕೊನೆಯ ಮಾತನ್ನು ನುಂಗಿ ಗಿಟಾರಿಗೆ ಬಿಟ್ಟುಕೊಡುತ್ತಾರೆ, ಗಿಟಾರ್ ಆ ಮಾತನ್ನು ಅದೇ ಏರಿಳಿತದಲ್ಲಿ ಹೇಳಿ ಮುಗಿಸುತ್ತದೆ. ಚಾಕುವೋ ಗಾಜೋ ಎಂದು ಕೇಳುವ ಮೊದಲು, ಈ ಮಾತನ್ನು ಯಾರು ಮುಗಿಸಿದರು ಎಂದು ಕೇಳುತ್ತಾ ಹೋಗಿ ಎಂಬುದು ನನ್ನ ಸಲಹೆ.

ತಂತಿನಾದ

ಮೂವರಿಗೂ ವಂದನೆಗಳು. ಕೊನೆಯ ಮಾತಿನ ಬಗ್ಗೆ ಒಂದು ಸಂದೇಹ ಉಳಿದಿದೆ: ವಿದ್ಯುತ್ ಗಿಟಾರ್ ಬಂದ ಮೇಲೂ ಈ ಕಂಠದ ಗುಣ ಉಳಿಯಿತೇ?

ಕಿರುಬೆರಳು

ಉಳಿಯಿತು, ಆದರೆ ಅದರ ಕೆಲಸ ಬದಲಾಯಿತು. 1948ರಲ್ಲಿ ಶಿಕಾಗೋದ ಅರಿಸ್ಟೋಕ್ರ್ಯಾಟ್ ಸಂಸ್ಥೆಗೆ ಮಡಿ ವಾಟರ್ಸ್ ಮುದ್ರಿಸಿದ ‘ಐ ಕಾಂಟ್ ಬಿ ಸ್ಯಾಟಿಸ್ಫೈಡ್’ ಹಾಡಿನಲ್ಲಿ ಸ್ಲೈಡ್ ಇನ್ನೂ ಸಾಲಿಗೆ ಸಾಲು ಉತ್ತರಿಸುತ್ತದೆ. ಜೊತೆಗಿರುವುದು ಒಂದು ದೊಡ್ಡ ಬಾಸ್ ವಾದ್ಯ ಮಾತ್ರ. 1951ರಲ್ಲಿ ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ಎಲ್ಮೋರ್ ಜೇಮ್ಸ್ ಟ್ರಂಪೆಟ್ ಸಂಸ್ಥೆಗೆ ‘ಡಸ್ಟ್ ಮೈ ಬ್ರೂಮ್’ ಮುದ್ರಿಸುವ ಹೊತ್ತಿಗೆ ಸ್ಲೈಡ್ ಇಡೀ ತಂಡವನ್ನು ಎಬ್ಬಿಸಿ ನಡೆಸುವ ಪಲ್ಲವಿಯಾಗಿದೆ. ಇವರಿಬ್ಬರಿಗೂ ಮೊದಲಿನ ಟ್ಯಾಂಪಾ ರೆಡ್ ಅವರನ್ನು ಮರೆಯಬೇಡಿ. 1920ರ ದಶಕದ ಕೊನೆಯಲ್ಲಿಯೇ ಅವರು ನ್ಯಾಷನಲ್ ಕಂಪನಿಯ ಲೋಹದ ಗಿಟಾರಿನಲ್ಲಿ ಒಂದೇ ತಂತಿಯ ಮೇಲೆ, ಒಂದಿಷ್ಟೂ ಒರಟಿಲ್ಲದೆ, ಕೇವಲ ರಾಗವನ್ನು ಎಳೆದು ನುಡಿಸುತ್ತಿದ್ದರು. ಮುಂದೆ ಶಿಕಾಗೋದಲ್ಲಿ ರಾಬರ್ಟ್ ನೈಟ್‌ಹಾಕ್ ವಿದ್ಯುತ್ ಗಿಟಾರಿನಲ್ಲಿ ನುಡಿಸಿದ್ದು ಅದೇ ದಾರಿಯನ್ನು. ಕರ್ನಾಟಕ ಸಂಗೀತದ ಕಿವಿಯುಳ್ಳ ನೀವು ಟ್ಯಾಂಪಾ ರೆಡ್ ಅವರಿಂದ ಆರಂಭಿಸಿ ನೈಟ್‌ಹಾಕ್‌ಗೆ ಬನ್ನಿ, ಎಲ್ಮೋರ್ ಜೇಮ್ಸ್ ಆಮೇಲೆ.