‘ಮಾಸಲು’: ಬಣ್ಣವೋ, ಬಣ್ಣದ ಸ್ಥಿತಿಯೋ?

ವರ್ಣನೆಯ ಬರವಣಿಗೆಯಲ್ಲಿ ‘ಮಾಸಲು’ ಎಂಬ ಮಾತು ಮಬ್ಬು, ಮಸುಕು, ಬೂದು ಇವೆಲ್ಲಕ್ಕೂ ಬದಲಿಯಾಗಿ ಬರುವುದನ್ನು ಕಂಡು, ಅದರ ಎಲ್ಲೆ ಯಾವುದೆಂದು ತಿಳಿದವರನ್ನು ಕೇಳಬೇಕೆನಿಸಿದೆ. ‘ಮಾಸಲು ಅಂಗಿ’, ‘ಮಾಸಲು ಕಾಗದ’ ಎಂದರೆ ಅನುಮಾನಕ್ಕೆ ಎಡೆಯಿಲ್ಲ. ‘ಮಾಸಲು ಆಕಾಶ’, ‘ಮಾಸಲು ಬೆಳಗು’ ಎಂದು ಬಂದಾಗ ಮಾತ್ರ ನನ್ನ ಓದು ತಡವರಿಸುತ್ತದೆ.

‘ಮಾಸು’ ಎಂದರೆ ಕೊಳೆಯಾಗುವುದೂ ಹೌದು, ಬಣ್ಣಗೆಡುವುದೂ ಹೌದು. ತಮಿಳಿನಲ್ಲಿ ‘ಮಾಸು’ ಕೊಳೆಯ ಅರ್ಥದಲ್ಲೇ ಬೆಳೆದು ಇಂದು ಪರಿಸರ ಮಾಲಿನ್ಯಕ್ಕೂ ಸಲ್ಲುತ್ತಿದೆ. ಕನ್ನಡದ ಎರಡು ಅರ್ಥಗಳೂ ಒಂದೇ ಗೋಡೆಯ ಮೇಲೆ ಕಾಣಸಿಗುತ್ತವೆ. ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದ ಹಳೆಯ ಮನೆಯ ಜಗುಲಿಯಲ್ಲಿ, ಜನ ಒರಗಿ ಕೂರುವ ಕಡೆ ತಲೆಯ ಎಣ್ಣೆ, ಬೆನ್ನಿನ ಬೆವರು ತಾಗಿ ಸುಣ್ಣ ಮಾಸಿರುತ್ತದೆ. ಮಳೆ ಬಿಸಿಲು ಬಡಿಯುವ ಹೊರಮೈಯಲ್ಲಿ ಕೆಮ್ಮಣ್ಣು ತೊಳೆದುಹೋಗಿ ಪಟ್ಟೆ ಮಾಸಿರುತ್ತದೆ. ಒಂದು ಕಡೆ ಹೊರಗಿನದು ಬಂದು ಸೇರಿದೆ, ಇನ್ನೊಂದು ಕಡೆ ಇದ್ದದ್ದು ಹೋಗಿದೆ. ಎರಡಕ್ಕೂ ಒಂದೇ ಮಾತು ಒಪ್ಪುವುದು, ಎರಡರ ಹಿಂದೆಯೂ ಕಾಲ ಮತ್ತು ಬಳಕೆ ಇರುವುದರಿಂದ ಎಂದು ನನ್ನ ಎಣಿಕೆ. ಹರಕಲು ಚಾಪೆ, ಮುರುಕಲು ಗಾಡಿ, ಸವಕಲು ನಾಣ್ಯ ಎಂಬ ಮಾತುಗಳ ಸಾಲಿನಲ್ಲಿ ‘ಮಾಸಲು’ ಸಹಜವಾಗಿ ಕೂರುವುದೂ ಇದೇ ಕಾರಣಕ್ಕೆ.

ಬಣ್ಣದ ಹೆಸರಿನ ಹಿಂದೆ ಬಂದಾಗ ಅದರ ನಡೆ ಬೇರೆ. ತಿಳಿಗೆಂಪು, ನಸುಗೆಂಪು ಎಂಬಲ್ಲಿ ಕಕಾರ ಗಕಾರವಾಗಿ ಎರಡು ಪದಗಳೂ ಬೆಸೆದುಕೊಳ್ಳುತ್ತವೆ. ‘ಮಾಸಲುಗೆಂಪು’ ಎಂದು ಯಾರೂ ಹೇಳುವುದಿಲ್ಲ, ‘ಮಾಸಲು ಕೆಂಪು’ ಬಿಡಿಯಾಗಿಯೇ ನಿಲ್ಲುತ್ತದೆ. ಅರ್ಥದಲ್ಲಿಯೂ ಅಂತರವಿದೆ: ತಿಳಿಗೆಂಪು ಹಗುರವಾದರೂ ನಿಚ್ಚಳ, ನಸುಗೆಂಪಿನಲ್ಲಿ ಕೆಂಪಿನ ಸುಳಿವಷ್ಟೇ, ಮಾಸಲು ಕೆಂಪು ಗಾಢವಾಗಿದ್ದರೂ ಕಳೆಗೆಟ್ಟದ್ದು. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಬರೆಯುವುದು ವರ್ಣನೆಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ತೊಡಕಿರುವುದು ಎಂದೂ ಹೊಳಪಿಲ್ಲದ ವಸ್ತುವಿನ ವಿಷಯದಲ್ಲಿ. ಗಂಡು ಗುಬ್ಬಿಯ ಕೊರಳಲ್ಲಿ ಕಪ್ಪು ಗುರುತೂ ಕಣ್ಣಿನ ಹಿಂದೆ ಗಾಢ ಕಂದು ಪಟ್ಟೆಯೂ ಇರುತ್ತವೆ. ಹೆಣ್ಣಿನ ಮೈ ‘ಮಾಸಲು ಕಂದು’ ಎಂದು ಬರೆಯುವುದುಂಟು. ಅದರ ಗರಿಯ ಬಣ್ಣ ಹುಟ್ಟಾ ಹಾಗೆಯೇ ಇದೆ, ಯಾವುದೂ ಮಾಸಿಲ್ಲ. ಆದರೂ ಈ ಪ್ರಯೋಗ ನನ್ನ ಕಿವಿಗೆ ಒಪ್ಪುತ್ತದೆ, ಏಕೆಂದರೆ ‘ಮಾಸಲು’ ಇಲ್ಲಿ ಕಂದನ್ನು ಮಾತ್ರ ವಿಶೇಷಿಸುತ್ತದೆ. ‘ಕಂದು’ ತೆಗೆದು ‘ಮಾಸಲು ಗುಬ್ಬಿ’ ಎಂದರೆ ದೂಳಿನಲ್ಲಿ ಹೊರಳಿ ಬಂದ ಗುಬ್ಬಿಯಾಗಿಬಿಡುತ್ತದೆ. ಹಾಗೆಯೇ ‘ಮಾಸಲು ನೀಲಿ ಆಕಾಶ’ವನ್ನು ಒಪ್ಪಬಹುದು, ಬರಿಯ ‘ಮಾಸಲು ಆಕಾಶ’ಕ್ಕಿಂತ ‘ಮಬ್ಬು ಆಕಾಶ’ ಲೇಸು. ಮುಖಕ್ಕೆ ಬಿಳಿಚು, ಕೂದಲಿಗೆ ನರೆ, ದೀಪಕ್ಕೆ ಮಂಕು ಎಂದು ಬೇರೆ ಬೇರೆ ಮಾತುಗಳಿರುವಾಗ ಅಲ್ಲೆಲ್ಲ ‘ಮಾಸಲು’ ತರುವ ಅಗತ್ಯವೂ ಕಾಣದು.

ಬಣ್ಣದ ಹೆಸರಿನ ನೆರವಿಲ್ಲದೆ ಬೆಳಕಿಗೆ, ಹೊತ್ತಿಗೆ, ಬಾನಿಗೆ ‘ಮಾಸಲು’ ಎನ್ನುವ ರೂಢಿ ನಿಮ್ಮ ಕಡೆಯ ಆಡುಮಾತಿನಲ್ಲಿ ಇದೆಯೇ? ಇದ್ದರೆ ವಾಕ್ಯಸಹಿತ ತಿಳಿಸಬೇಕೆಂದು ಕೋರುತ್ತೇನೆ.