ಮರಕುಟಿಗ ಮಾಡುವುದೆಲ್ಲ ‘ಕುಟುಕುವುದೇ’?

ಉತ್ತರ ಅಮೆರಿಕದಲ್ಲಿ ಚಳಿಗಾಲದಲ್ಲಿ ಹಕ್ಕಿಗಳಿಗೆಂದು ಹಿತ್ತಿಲಿನಲ್ಲಿ ತಿನಿಸಿಡುವ ಮೇವುತಾಣಕ್ಕೆ ಬರುವ ಮರಕುಟಿಗಗಳ ನಡವಳಿಕೆಯನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ಒಂದು ಕ್ರಿಯಾಪದ ತೊಡಕಾಗುತ್ತದೆ. (‘ಮೇವು’ ಎಂದೊಡನೆ ಹುಲ್ಲಿನ ಹೊರೆ ಕಣ್ಣಮುಂದೆ ಬರುತ್ತದೆಯಾದ್ದರಿಂದ ‘ಮೇವುತಾಣ’ವೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಅದು ಬೇರೆ ಚರ್ಚೆ.) ಈ ಹಕ್ಕಿ ಕೊಕ್ಕಿನಿಂದ ಏನೇ ಮಾಡಿದರೂ ನಾವು ‘ಕುಟುಕಿತು’ ಎಂದು ಬರೆದು ಮುಗಿಸುತ್ತೇವೆ. ಅಷ್ಟು ಸಾಕೇ ಎಂಬುದು ನನ್ನ ಪ್ರಶ್ನೆ.

ತಂತಿಯ ಪಂಜರದಲ್ಲಿಟ್ಟ ದನದ ಕೊಬ್ಬಿನ ಬಿಲ್ಲೆಗೆ ಬರುವ ಡೌನಿ ಎಂಬ ಜಾತಿಯ ಮರಕುಟಿಗವು, ಎರಡು ಮುಂದಕ್ಕೂ ಎರಡು ಹಿಂದಕ್ಕೂ ಚಾಚಿದ ಬೆರಳುಗಳಿಂದ ತಂತಿಯನ್ನು ಹಿಡಿದು, ಗಡುಸಾದ ಬಾಲದ ಗರಿಗಳನ್ನು ಊರುಗೋಲಿನಂತೆ ಒತ್ತಿಕೊಂಡು, ಕೊಬ್ಬನ್ನು ಚೂರುಚೂರಾಗಿ ಕಿತ್ತು ತಿನ್ನುತ್ತದೆ. ಇದಕ್ಕೆ ‘ಕುಕ್ಕು’ ಒಪ್ಪುತ್ತದೆ. ‘ಹೆಕ್ಕು’ ಎನ್ನಲಾಗದು, ಏಕೆಂದರೆ ಅದರಲ್ಲಿ ಚದುರಿ ಬಿದ್ದುದನ್ನು ಆಯುವ ಅರ್ಥವಿದೆ. ಇನ್ನು ಅದೇ ಹಕ್ಕಿ ಗೋಲ್ಡನ್‌ರಾಡ್ ಗಿಡದ ಒಣಕಾಂಡದಲ್ಲಿ ಉಬ್ಬಿದ ಗಂಟಿಗೆ ತೂತುಮಾಡಿ ಒಳಗಿನ ನೊಣದ ಮರಿಹುಳುವನ್ನು ಎಳೆದು ತಿನ್ನುವುದಕ್ಕೂ, ರಾತ್ರಿ ಒಂಟಿಯಾಗಿ ತಂಗಲು ಸತ್ತ ಮರದಲ್ಲಿ ಪೊಟರೆ ಮಾಡಿಕೊಳ್ಳುವುದಕ್ಕೂ ‘ಕೊರೆ’, ‘ತೋಡು’ ಇದ್ದೇ ಇವೆ.

ತೊಡಕಿರುವುದು ಚಳಿಗಾಲ ಇಳಿಮುಖವಾಗುವ ಹೊತ್ತಿಗೆ ಹೆಚ್ಚಾಗಿ ಕೇಳಿಬರುವ ಸದ್ದಿನಲ್ಲಿ. ಆಗ ಹಕ್ಕಿ ಆಹಾರದ ಗೊಡವೆಯಿಲ್ಲದೆ, ಚೆನ್ನಾಗಿ ದನಿಗೊಡುವ ಟೊಳ್ಳುಕೊಂಬೆಯನ್ನೋ ಮನೆಯ ಸೂರಿನಲ್ಲಿ ಮಳೆನೀರು ಹರಿಯುವ ಲೋಹದ ದೋಣಿಯನ್ನೋ ಆರಿಸಿಕೊಂಡು, ಬಿಡಿ ಪೆಟ್ಟುಗಳು ಎಣಿಕೆಗೆ ಸಿಗದಷ್ಟು ಬಿರುಸಾಗಿ ಬಡಿದು, ನಿಲ್ಲಿಸಿ, ಮತ್ತೆ ಬಡಿಯುತ್ತದೆ. ಹಾಡುಹಕ್ಕಿಗಳ ಹಾಡು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ: ನೆಲೆಯ ಒಡೆತನವನ್ನು ಸಾರುತ್ತದೆ, ಸಂಗಾತಿಯನ್ನು ಕರೆಯುತ್ತದೆ. ಗಂಡು ಹೆಣ್ಣು ಎರಡೂ ಹೀಗೆ ಮಾಡುತ್ತವೆ. ನೋಡಲು ಡೌನಿಯನ್ನೇ ಹೋಲುವ, ಆದರೆ ಗಾತ್ರದಲ್ಲಿ ದೊಡ್ಡದಾದ ಹೇರಿ ಮರಕುಟಿಗದ ಸದ್ದು ಡೌನಿಯದಕ್ಕಿಂತ ವೇಗವಾಗಿರುವುದರಿಂದ, ಪಳಗಿದ ಕಿವಿಗೆ ಎರಡರ ವ್ಯತ್ಯಾಸವೂ ತಿಳಿಯುತ್ತದೆ.

ಇದನ್ನು ‘ಕುಟುಕು’ ಎಂದರೆ ಚೇಳು ಕುಟುಕುವ ನೆನಪೂ ತಿನ್ನುವ ನೆನಪೂ ಒಟ್ಟಿಗೇ ಬರುತ್ತವೆ. ‘ಕುಟ್ಟು’ ಎಂದರೆ ಒನಕೆಯ ಭಾರವಾದ, ಬಿಡಿಬಿಡಿಯಾದ ಪೆಟ್ಟು. ‘ಮೊಳಗು’ ಸದ್ದನ್ನು ಹೇಳುತ್ತದೆಯೇ ಹೊರತು ಹೊಡೆಯುವ ಕ್ರಿಯೆಯನ್ನು ಹೇಳುವುದಿಲ್ಲ. ನಗಾರಿಯನ್ನೂ ಡೋಲನ್ನೂ ‘ಬಾರಿಸು’ತ್ತೇವೆಂಬುದರಿಂದ, ಇಂಗ್ಲಿಷಿನ ‘ಡ್ರಮ್ಮಿಂಗ್’ನಂತೆ ವಾದ್ಯದ ಹೆಸರನ್ನು ಎಳೆದು ತರದೆ ‘ಹಕ್ಕಿ ಕೊಂಬೆಯನ್ನು ಬಾರಿಸುತ್ತದೆ’ ಎಂದು ಬರೆಯಬಹುದೆಂದು ನನಗೆ ತೋರುತ್ತದೆ. ಆಡುಮಾತಿನಲ್ಲಿ ‘ಬಾರಿಸಿದ’ ಎಂದರೆ ಕೆನ್ನೆಗೆ ಬಿತ್ತೆಂದು ತಿಳಿಯುವವರು ನಕ್ಕಾರು ಎಂಬ ಅಳುಕೂ ಇದೆ. ನಾಮಪದಕ್ಕೆ ಮಾತ್ರ ‘ಬಡಿತ’ವೇ ಮೇಲು, ಎದೆಬಡಿತದ ಬಳಕೆಯಿಂದಾಗಿ ಅದರಲ್ಲಿ ಲಯದ ಅರ್ಥ ಆಗಲೇ ನೆಲೆಯೂರಿದೆ. ಕ್ರಿಯೆಗೆ ‘ಬಾರಿಸು’, ಹೆಸರಿಗೆ ‘ಬಡಿತ’ ಎಂದು ಎರಡು ಧಾತುಗಳನ್ನು ಜೋಡಿಸಿಕೊಳ್ಳುವುದು ತಮಗೆ ಒಪ್ಪಿಗೆಯೇ, ಅಥವಾ ಈ ಸದ್ದಿಗೆಂದೇ ಇರುವ ಕ್ರಿಯಾಪದವೊಂದು ತಮ್ಮ ಆಡುನುಡಿಯಲ್ಲಿ ಬಳಕೆಯಲ್ಲಿದೆಯೇ?