ಬೈಪಾಸ್ ಆಯಿಲ್ ಫಿಲ್ಟರ್ ಹಾಕಿಸಿದರೆ ಎಂಜಿನ್ ಆಯಿಲ್ ನಿಜಕ್ಕೂ ಶುದ್ಧವಾಗಿ ಉಳಿಯುತ್ತದೆಯೆ?

ನಿಗಡಿ_ಲಾರಿ:

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು, ಹದಿನಾಲ್ಕು ವರ್ಷಗಳಿಂದ ಪುಣೆಯ ನಿಗಡಿಯಲ್ಲಿ ನೆಲೆಸಿದ್ದೇನೆ. ನನ್ನ ಬಳಿ ಎರಡು ಆರು ಚಕ್ರದ ಲಾರಿಗಳಿವೆ. ಒಂದು ಬಿಎಸ್-4, ಇನ್ನೊಂದು ವಾರಂಟಿ ಇನ್ನೂ ಮುಗಿಯದ ಬಿಎಸ್-6. ದ್ರಾಕ್ಷಿಯ ಕಾಲದಲ್ಲಿ ಊರಿನಿಂದ ವಾಶಿ ಮಾರುಕಟ್ಟೆಗೆ, ಉಳಿದ ದಿನಗಳಲ್ಲಿ ಚಾಕಣದಿಂದ ನ್ಹಾವಾ ಶೇವಾ ಬಂದರಿಗೆ ಓಡುತ್ತವೆ. ಹಾಗಾಗಿ ಖಂಡಾಳ ಘಾಟಿನ ಏರು ಅವುಗಳಿಗೆ ತಪ್ಪಿದ್ದಲ್ಲ.

ಕಳೆದ ವಾರ ಬಿಡಿಭಾಗ ಮಾರುವವರೊಬ್ಬರು ಬಂದು, ಬೈಪಾಸ್ ಆಯಿಲ್ ಫಿಲ್ಟರ್ ಎಂಬುದನ್ನು ತೋರಿಸಿ, ಇದನ್ನು ಒಮ್ಮೆ ಕೂರಿಸಿದರೆ ಫಿಲ್ಟರ್ ಮಾತ್ರ ಬದಲಿಸುತ್ತ ಹೋದರೆ ಸಾಕು, ಆಯಿಲ್ ಬದಲಿಸುವ ಮಾತೇ ಇಲ್ಲ ಎಂದು ಹೇಳಿದರು. ಎರಡು ಗಾಜಿನ ಸೀಸೆಗಳನ್ನೂ ತಂದಿದ್ದರು. ಒಂದರಲ್ಲಿ ಕಾಡಿಗೆಯಂತಹ ಆಯಿಲ್, ಇನ್ನೊಂದರಲ್ಲಿ ಜೇನಿನ ಬಣ್ಣದ್ದು. ನನ್ನ ಲಾರಿಗಳಲ್ಲಿ ಹೊಸ ಆಯಿಲ್ ಹಾಕಿ ಎರಡು ದಿನ ಓಡಿಸುವಷ್ಟರಲ್ಲಿಯೇ ಅದು ಕಪ್ಪಾಗುವುದನ್ನು ಕಂಡಿರುವ ನನಗೆ ಆ ಎರಡನೆಯ ಸೀಸೆಯ ಮೇಲೆ ಅನುಮಾನ ಬಂತು. ಲಾರಿಯಲ್ಲಿ ಈಗಾಗಲೇ ಒಂದು ಆಯಿಲ್ ಫಿಲ್ಟರ್ ಇರುವಾಗ ಇನ್ನೊಂದು ಏಕೆ ಬೇಕು, ಅದು ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಡೊಂಬಿವಲಿ_ಕಾರು:

ಬೈಪಾಸ್ ಎನ್ನುವುದು ಎಲ್ಲ ಆಯಿಲ್ ಫಿಲ್ಟರ್‌ಗಳಲ್ಲಿಯೂ ಮೊದಲೇ ಇರುತ್ತದೆಯಲ್ಲವೆ? ನನ್ನ ಕಾರಿನ ಫಿಲ್ಟರ್ ಡಬ್ಬಿಯ ಮೇಲೆಯೂ ಬೈಪಾಸ್ ವಾಲ್ವ್ ಇದೆ ಎಂದು ಅಚ್ಚಾಗಿದೆ. ಇದ್ದದ್ದನ್ನೇ ಹೊಸ ಹೆಸರಿನಲ್ಲಿ ಮಾರುತ್ತಿದ್ದಾರೆಂದು ತೋರುತ್ತದೆ.

ಚಿಂಚವಾಡ_ಡೀಸೆಲ್:

ನಾನು ಇಲ್ಲಿಯ ಡೀಸೆಲ್ ಎಂಜಿನ್ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಮೊದಲು ಡೊಂಬಿವಲಿಯವರ ಸಂದೇಹವನ್ನು ಪರಿಹರಿಸುತ್ತೇನೆ. ಬೈಪಾಸ್ ವಾಲ್ವ್ ಬೇರೆ, ಬೈಪಾಸ್ ಫಿಲ್ಟರ್ ಬೇರೆ. ಫಿಲ್ಟರ್ ಕಟ್ಟಿಕೊಂಡಾಗ, ಅಥವಾ ಚಳಿಗೆ ಆಯಿಲ್ ಗಟ್ಟಿಯಾಗಿ ಕಾಗದದ ಮೂಲಕ ಬೇಗ ಸಾಗದಿದ್ದಾಗ, ಬೇರಿಂಗ್‌ಗಳು ಒಣಗಬಾರದೆಂದು ಆಯಿಲನ್ನು ಸೋಸದೆಯೇ ಮುಂದಕ್ಕೆ ಬಿಡುವುದು ವಾಲ್ವಿನ ಕೆಲಸ. ಬೈಪಾಸ್ ಫಿಲ್ಟರ್ ಮಾಡುವುದು ಅದಕ್ಕೆ ತದ್ವಿರುದ್ಧವಾದ ಕೆಲಸವನ್ನು.

ಲಾರಿಯಲ್ಲಿರುವ ಸಾಮಾನ್ಯ ಫಿಲ್ಟರಿಗೆ ಫುಲ್ ಫ್ಲೋ ಎನ್ನುತ್ತಾರೆ. ಪಂಪು ತಳ್ಳುವ ಆಯಿಲೆಲ್ಲ ಅದರೊಳಗಿನಿಂದಲೇ ಬೇರಿಂಗ್‌ಗಳಿಗೆ ಹೋಗಬೇಕು. ಅಷ್ಟು ಹರಿವನ್ನು ತಡೆಯಿಲ್ಲದೆ ಬಿಡಬೇಕಾದುದರಿಂದ ಅದರ ರಂಧ್ರಗಳನ್ನು ಬಹಳ ಸಣ್ಣದಾಗಿ ಮಾಡಲು ಬರುವುದಿಲ್ಲ. ಸುಮಾರು 20ರಿಂದ 40 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಗಾತ್ರದ ಕಣಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ, ಅದಕ್ಕಿಂತ ಚಿಕ್ಕವುಗಳಲ್ಲಿ ಹೆಚ್ಚಿನವು ಪಾರಾಗುತ್ತವೆ. ಆದರೆ ಬೇರಿಂಗಿನಲ್ಲಿಯೂ ಪಿಸ್ಟನ್ ರಿಂಗಿನ ಬಳಿಯೂ ಇರುವ ಆಯಿಲಿನ ಪದರ ಕೆಲವೇ ಮೈಕ್ರಾನ್ ದಪ್ಪವಿರುವುದರಿಂದ, ಆ ಪದರದ ದಪ್ಪಕ್ಕೆ ಸಮನಾದ ಅಥವಾ ಸ್ವಲ್ಪ ದೊಡ್ಡದಾದ ಕಣವೇ ಎರಡು ಲೋಹಗಳ ನಡುವೆ ಸಿಕ್ಕಿಕೊಂಡು ಅರೆಯುತ್ತದೆ. ಬೈಪಾಸ್ ಫಿಲ್ಟರ್ ಹರಿವಿನ ಶೇ. 5ರಿಂದ 10ರಷ್ಟನ್ನು ಮಾತ್ರ ಸಣ್ಣ ರಂಧ್ರವೊಂದರ ಮೂಲಕ ತನ್ನತ್ತ ಎಳೆದುಕೊಂಡು, ದಪ್ಪನೆಯ ಸೋಸುವ ಪದರದಲ್ಲಿ ನಿಧಾನವಾಗಿ ಹಾಯಿಸಿ, ನೇರವಾಗಿ ಚೇಂಬರಿಗೆ, ಅಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ, ಹಿಂದಿರುಗಿಸುತ್ತದೆ. ಅವಸರವಿಲ್ಲದ ಕಾರಣ ಅದು ಕೆಲವೇ ಮೈಕ್ರಾನ್‌ಗಳವರೆಗಿನ ಕಣಗಳನ್ನು ಹಿಡಿಯಬಲ್ಲದು.

ಇಷ್ಟು ಕಡಿಮೆ ಭಾಗವನ್ನು ಸೋಸಿದರೆ ಏನು ಪ್ರಯೋಜನ ಎಂದು ಕೇಳಬಹುದು. ಲೆಕ್ಕ ಮಾಡಿ ನೋಡಿ. ಚೇಂಬರಿನಲ್ಲಿ 20 ಲೀಟರ್ ಇದೆ, ನಿಮಿಷಕ್ಕೆ 2 ಲೀಟರ್ ಬೈಪಾಸ್ ಫಿಲ್ಟರಿಗೆ ಹೋಗುತ್ತದೆ ಎಂದುಕೊಳ್ಳೋಣ. ಹತ್ತು ನಿಮಿಷದಲ್ಲಿ ಚೇಂಬರಿನಲ್ಲಿರುವಷ್ಟೇ ಆಯಿಲ್ ಸೋಸಿಹೋದರೂ, ಸೋಸಿದ್ದು ಸೋಸದ್ದರೊಡನೆ ಮತ್ತೆ ಬೆರೆಯುವುದರಿಂದ, ವಾಸ್ತವವಾಗಿ ಒಮ್ಮೆಯಾದರೂ ಫಿಲ್ಟರ್ ಕಂಡ ಆಯಿಲ್ ಶೇ. 63ರಷ್ಟೇ. ಅರ್ಧ ಗಂಟೆಯಲ್ಲಿ ಅದು ಶೇ. 95ಕ್ಕೆ ಏರುತ್ತದೆ. ನಿಗಡಿಯಿಂದ ಹೊರಟ ಲಾರಿ ಘಾಟು ತಲುಪುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ.

ಇದೇನೂ ಹೊಸ ಉಪಾಯವಲ್ಲ. 1920ರ ದಶಕದಲ್ಲಿ ಮೋಟಾರು ವಾಹನಗಳಿಗೆ ಬಂದ ಮೊದಲ ಆಯಿಲ್ ಫಿಲ್ಟರ್‌ಗಳು ಬೈಪಾಸ್ ಬಗೆಯವೇ ಆಗಿದ್ದವು. ಫುಲ್ ಫ್ಲೋ ಬಂದದ್ದು ಆಮೇಲೆ. ಹಳೆಯ ದೊಡ್ಡ ಕಮಿನ್ಸ್ ಎಂಜಿನ್‌ಗಳಲ್ಲಿ ಬೈಪಾಸ್ ಫಿಲ್ಟರ್ ಬೇರೆಯೇ ಇರುತ್ತಿತ್ತು. ಅನಂತರ ಎರಡನ್ನೂ ಒಂದೇ ಡಬ್ಬಿಯಲ್ಲಿ ಸೇರಿಸಿದ ಫಿಲ್ಟರ್‌ಗಳು ಬಂದವು. ಆದುದರಿಂದ ನಿಗಡಿಯವರೆ, ನಿಮ್ಮ ಲಾರಿಯ ಕೈಪಿಡಿಯನ್ನು ಒಮ್ಮೆ ತೆರೆದು ನೋಡಿ. ಕಂಪನಿಯೇ ಅಂತಹ ಜೋಡಿ ಫಿಲ್ಟರನ್ನೋ, ತಿರುಗಿ ಕಸವನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜನ್ನೋ ಕೊಟ್ಟಿದ್ದರೆ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. (ನಮ್ಮೂರಿನ ಹಳೆಯ ಹೀರೊ ಹೋಂಡಾ ಸ್ಪ್ಲೆಂಡರ್‌ನಲ್ಲಿಯೂ ಕಾಗದದ ಫಿಲ್ಟರ್ ಇರಲಿಲ್ಲ, ಒಂದು ಜಾಲರಿಯೊಡನೆ ಸೆಂಟ್ರಿಫ್ಯೂಜೇ ಕೆಲಸ ಮಾಡುತ್ತಿತ್ತು. ಅದನ್ನು ಬಿಚ್ಚಿದಾಗ ಒಳಗೋಡೆಗೆ ಅಂಟಿದ್ದ ಕರಿಯ ಮೇಣವನ್ನು ಕೆರೆದವರಿಗೆ ನನ್ನ ಮಾತು ಬೇಗ ಅರ್ಥವಾಗುತ್ತದೆ.)

ಸೂಕ್ಷ್ಮವಾಗಿ ಸೋಸಿದರೆ ಸವೆತ ತಗ್ಗುತ್ತದೆ ಎಂಬುದಕ್ಕೆ ಆಧಾರವಿದೆ. ಜನರಲ್ ಮೋಟರ್ಸ್‌ನವರು 1988ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, 40 ಮೈಕ್ರಾನ್ ಫಿಲ್ಟರಿಗೆ ಹೋಲಿಸಿದರೆ 30 ಮೈಕ್ರಾನ್‌ನದರಿಂದ ಸವೆತ ಶೇ. 50ರಷ್ಟು, 15 ಮೈಕ್ರಾನ್‌ನದರಿಂದ ಶೇ. 70ರಷ್ಟು ಇಳಿಯಿತು. ಮಾರಾಟಗಾರರು ಈ ಅಂಕಿಗಳನ್ನು ಎಲ್ಲೆಡೆಯೂ ಹೇಳುತ್ತಾರೆ. ಆದರೆ ಆ ಪರೀಕ್ಷೆಯಲ್ಲಿ ಸವೆತವನ್ನು ಬೇಗ ಕಾಣಲೆಂದು ಆಯಿಲಿಗೆ ಧೂಳನ್ನು ಬೇಕೆಂದೇ ಬೆರೆಸಲಾಗಿತ್ತು ಎಂಬುದನ್ನು ಹೇಳುವುದಿಲ್ಲ. ಏರ್ ಫಿಲ್ಟರ್ ಸರಿಯಾಗಿರುವ ಎಂಜಿನ್ನಿನಲ್ಲಿ ಅಷ್ಟು ಲಾಭವನ್ನು ನಿರೀಕ್ಷಿಸಬಾರದು.

ಇನ್ನು ಆಯಿಲ್ ಬದಲಿಸುವುದೇ ಬೇಡ ಎಂಬ ಮಾತು. ಇಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ: ಫಿಲ್ಟರ್ ಕಣವನ್ನು ಹಿಡಿಯುತ್ತದೆ, ಕರಗಿದ್ದನ್ನು ಹಿಡಿಯುವುದಿಲ್ಲ. ಆಯಿಲಿಗೆ ಇಳಿದ ಡೀಸೆಲ್, ದಹನದಿಂದ ಹುಟ್ಟಿದ ಆಮ್ಲ, ಬಿಸಿಗೆ ಆಯಿಲೇ ಹಳಸಿ ಉಂಟಾದ ವಸ್ತುಗಳು, ಇವೆಲ್ಲ ಅದರ ಮೂಲಕ ಹಾಯಾಗಿ ಸಾಗುತ್ತವೆ. ಆಮ್ಲವನ್ನು ಎದುರಿಸಲು ಆಯಿಲಿನಲ್ಲಿ ಬೆರೆಸಿರುವ ಕ್ಷಾರ ಖರ್ಚಾಗುತ್ತ ಹೋಗುತ್ತದೆ. ಖರ್ಚಾದದ್ದನ್ನು ಫಿಲ್ಟರ್ ತಂದುಕೊಡುವುದಿಲ್ಲ. ಮಸಿಯೂ ಅಷ್ಟೆ. ಮಸಿಯ ಮೂಲ ಕಣಗಳು ಮೈಕ್ರಾನ್‌ನ ನೂರನೆಯ ಭಾಗಗಳ ಲೆಕ್ಕದಲ್ಲಿರುತ್ತವೆ, ಅವು ಗುಂಪುಗೂಡದಂತೆ ಆಯಿಲಿನ ರಾಸಾಯನಿಕಗಳೇ ಹಂಚಿ ಹಿಡಿದಿರುತ್ತವೆ. ಹೀಗಾಗಿ ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಾಗುವುದು ಅದು ತನ್ನ ಕೆಲಸ ಮಾಡುತ್ತಿದೆ ಎಂಬುದರ ಗುರುತು. ನೀವು ಕಂಡ ಜೇನಿನ ಬಣ್ಣದ ಸೀಸೆ ಡೀಸೆಲ್ ಲಾರಿಯದೆಂದು ನಂಬಲು ನನಗೆ ಸಾಧ್ಯವಿಲ್ಲ.

ವಾಸ್ಕೊ_ಗ್ಯಾರೇಜ್:

ಚಿಂಚವಾಡದ ಹಿರಿಯರು ಹೇಳಿದ್ದಕ್ಕೆ ಗೋವಾದ ಅನುಭವವನ್ನು ಸೇರಿಸುತ್ತೇನೆ. ನಾನು ಬೆಳಗಾವಿ ಕಡೆಯವನು. 2012ರಲ್ಲಿ ಗಣಿಗಾರಿಕೆ ನಿಲ್ಲುವವರೆಗೆ ಅದಿರಿನ ಟಿಪ್ಪರ್‌ಗಳನ್ನೇ ಹೆಚ್ಚಾಗಿ ರಿಪೇರಿ ಮಾಡುತ್ತಿದ್ದೆ. ಕೆಲವಕ್ಕೆ ಬೈಪಾಸ್ ಫಿಲ್ಟರ್ ಕೂರಿಸಿದ್ದೂ ಉಂಟು. ಕೆಂಪು ಧೂಳು ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪಿನ ಬಿರುಕಿನಲ್ಲಿ ಒಳನುಗ್ಗುತ್ತಿದ್ದ ಗಾಡಿಗೆ ಎಂತಹ ಆಯಿಲ್ ಫಿಲ್ಟರ್ ಹಾಕಿದರೂ ಲೈನರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆ) ಉಳಿಯಲಿಲ್ಲ, ಏಕೆಂದರೆ ಆ ಧೂಳು ಆಯಿಲಿಗೆ ಸೇರುವ ಮೊದಲೇ ರಿಂಗುಗಳನ್ನು ತಿಂದಿರುತ್ತಿತ್ತು. ಇನ್ನೂರು ರೂಪಾಯಿಯ ಕ್ಲಿಪ್ ಬಿಗಿಮಾಡದೆ ಸಾವಿರಾರು ರೂಪಾಯಿಯ ಫಿಲ್ಟರ್ ಕೂರಿಸುವುದನ್ನು ನಾನು ಆಮೇಲೆ ಬಿಟ್ಟೆ.

ಇನ್ನೊಂದು ಪಾಠವನ್ನು ನನ್ನ ತಪ್ಪಿನಿಂದಲೇ ಕಲಿತೆ. ಒಂದು ಲಾರಿಗೆ ಬೈಪಾಸ್ ಫಿಲ್ಟರ್ ಕೂರಿಸುವಾಗ, ಕಿಟ್‌ನೊಡನೆ ಬಂದ ಪೈಪು ಗಿಡ್ಡವಾಯಿತೆಂದು ಕೈಗೆ ಸಿಕ್ಕ ಡೀಸೆಲ್ ಪೈಪನ್ನೇ ಜೋಡಿಸಿ, ಅದನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರದಿಂದ ಸಾಗಿಸಿದ್ದೆ. ನಾಲ್ಕನೆಯ ತಿಂಗಳು ಅನಮೋಡ ಘಾಟಿನ ಏರಿನಲ್ಲಿ ಅದು ಗಡುಸಾಗಿ ಒಡೆಯಿತು. ಪ್ರೆಶರ್ ಲೈನಿನಿಂದ ಆಯಿಲ್ ಚಿಮ್ಮತೊಡಗಿದರೆ ಚೇಂಬರ್ ಬರಿದಾಗಲು ಹೆಚ್ಚು ಹೊತ್ತು ಬೇಕಿಲ್ಲ. ಡ್ರೈವರ್ ದೀಪ ಹೊತ್ತಿದ ಕೂಡಲೇ ಎಂಜಿನ್ ನಿಲ್ಲಿಸಿದ್ದರಿಂದ ಕ್ರ್ಯಾಂಕ್ ಉಳಿಯಿತು, ನನ್ನ ಮಾನವೂ ಉಳಿಯಿತು. ಬಿಸಿ ಆಯಿಲಿಗೂ ಒತ್ತಡಕ್ಕೂ ತಾಳುವ, ತಂತಿ ಹೆಣೆದ ಹೋಸನ್ನೇ ಹಾಕಿಸಿ, ಎಲ್ಲಿಯೂ ಉಜ್ಜದಂತೆ ಕಟ್ಟಿಸಿ, ಹರಿವನ್ನು ತಗ್ಗಿಸುವ ಸಣ್ಣ ರಂಧ್ರದ ನಿಪ್ಪಲ್ ಇದೆಯೆ ಎಂದು ಕಣ್ಣಾರೆ ನೋಡಿರಿ. ಅದಿಲ್ಲದಿದ್ದರೆ ಐಡ್ಲಿಂಗಿನಲ್ಲಿ ಆಯಿಲ್ ಪ್ರೆಶರ್ ಬಿದ್ದುಹೋಗುತ್ತದೆ.

ನಿಗಡಿ_ಲಾರಿ:

ಇಬ್ಬರಿಗೂ ಅನಂತ ಧನ್ಯವಾದಗಳು. ಕೈಪಿಡಿ ನೋಡಿದೆ, ಎರಡೂ ಲಾರಿಗಳಲ್ಲಿ ಫುಲ್ ಫ್ಲೋ ಫಿಲ್ಟರ್ ಮಾತ್ರವಿದೆ. ಹಾಗಾದರೆ ಬೈಪಾಸ್ ಫಿಲ್ಟರ್ ಹಾಕಿಸಿ ಆಯಿಲ್ ಬದಲಿಸುವ ಅವಧಿಯನ್ನು ಸ್ವಲ್ಪವಾದರೂ ಮುಂದೂಡಬಹುದೆ, ಎಷ್ಟು ಎಂಬುದನ್ನು ನಿರ್ಧರಿಸುವುದು ಹೇಗೆ?

ಚಿಂಚವಾಡ_ಡೀಸೆಲ್:

ಮುಂದೂಡಬಹುದು, ಆದರೆ ಕಿಲೋಮೀಟರ್ ನೋಡಿ ಅಲ್ಲ, ಆಯಿಲಿನ ಪರೀಕ್ಷಾ ವರದಿ ನೋಡಿ. ಅಮೆರಿಕದ ಇಂಧನ ಇಲಾಖೆ ತನ್ನ ಐಡಾಹೊ ಪ್ರಯೋಗಾಲಯದಲ್ಲಿ 2002ರಿಂದ ಕೆಲವು ವರ್ಷ ಇದನ್ನೇ ಮಾಡಿ ನೋಡಿತು. ನೌಕರರನ್ನು ಕರೆತರುವ 8 ಡೀಸೆಲ್ ಬಸ್ಸುಗಳಿಗೂ 6 ಪೆಟ್ರೋಲ್ ಗಾಡಿಗಳಿಗೂ ಬೈಪಾಸ್ ಫಿಲ್ಟರ್ ಕೂರಿಸಿ, ಆಯಿಲನ್ನು ನಿಯಮಿತವಾಗಿ ಪರೀಕ್ಷಿಸುತ್ತ, ವರದಿ ಕೆಟ್ಟಾಗ ಮಾತ್ರ ಬದಲಿಸಿದರು. ಬಸ್ಸುಗಳಲ್ಲಿ ಆಯಿಲ್ ಬದಲಿಸುವ ಸರದಿಗಳು ಬಹಳಷ್ಟು ತಪ್ಪಿದವು. ಪ್ರತಿ ಸಲ ಫಿಲ್ಟರ್ ಬದಲಿಸುವಾಗ ಅದರೊಡನೆ ಹೋದಷ್ಟು ಹೊಸ ಆಯಿಲ್ ಸೇರುವುದರಿಂದ ಕ್ಷಾರಕ್ಕೂ ಸ್ವಲ್ಪ ಚೇತರಿಕೆ ಸಿಗುತ್ತದೆ ಎಂಬುದನ್ನು ಮರೆಯಬಾರದು. ಆದರೆ ಹೆದ್ದಾರಿಯಲ್ಲಿ ದೂರ ಓಡುವ, ಚೇಂಬರ್ ದೊಡ್ಡದಾಗಿರುವ ಬಸ್ಸಿನ ಲೆಕ್ಕವನ್ನು ಮೂರ್ನಾಲ್ಕು ಲೀಟರ್ ಆಯಿಲಿನ ಕಾರಿಗೆ ಹಚ್ಚಿದರೆ ಹಾಕಿದ ಹಣ ಹಿಂದಿರುಗುವುದಿಲ್ಲ. ಡೊಂಬಿವಲಿಯವರು ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಸಾಕು.

ನಿಮ್ಮ ಬಿಎಸ್-6 ಲಾರಿಗೆ ವಾರಂಟಿ ಮುಗಿಯುವವರೆಗೆ ಏನನ್ನೂ ಜೋಡಿಸಬೇಡಿ. ಅಲ್ಲದೆ ಕೆಲವು ಬಿಎಸ್-6 ಎಂಜಿನ್‌ಗಳಲ್ಲಿ ಹೊಗೆಯ ಫಿಲ್ಟರಿನ ಮಸಿ ಸುಡಲು ತಡವಾಗಿ ಚಿಮ್ಮಿಸುವ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಇದಕ್ಕೆ ಬೈಪಾಸ್ ಫಿಲ್ಟರಿನಲ್ಲಿ ಮದ್ದಿಲ್ಲ.

ಬಿಎಸ್-4 ಲಾರಿಗೆ ಮೊದಲು ಈಗಿನ ಸ್ಥಿತಿಯಲ್ಲಿಯೇ ಎರಡು ವರದಿ ಮಾಡಿಸಿ. ನೀವು ಬಳಸುವುದು 15ಡಬ್ಲ್ಯು-40 ದರ್ಜೆಯ ಆಯಿಲ್ ಆಗಿದ್ದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ) 12.5ರಿಂದ 16.3 ಸೆಂಟಿಸ್ಟೋಕ್ಸ್ ನಡುವೆ ಇರಬೇಕು. ಕೆಳಗಿಳಿದಿದ್ದರೆ ಡೀಸೆಲ್ ಬೆರೆತಿರುವುದನ್ನೂ, ಮೇಲೇರಿದ್ದರೆ ಮಸಿಯನ್ನೋ ಹಳಸುವಿಕೆಯನ್ನೋ ಮೊದಲು ಶಂಕಿಸಬೇಕು. ಸಿಲಿಕಾನ್ ಹೊರಗಿನ ಧೂಳಿನ ಗುರುತು, ಅದು ಹೆಚ್ಚಿದ್ದರೆ ವಾಸ್ಕೊದವರು ಹೇಳಿದ ಪೈಪು ಮತ್ತು ಕ್ಲಿಪ್ಪನ್ನು ಹುಡುಕಿರಿ. ಟಿಬಿಎನ್ ಎಂದು ಬರೆದಿರುವುದೇ ಉಳಿದಿರುವ ಕ್ಷಾರ. ಹೊಸ ಆಯಿಲಿನಲ್ಲಿದ್ದುದರ ಅರ್ಧಕ್ಕೆ ಬಂದಾಗ ಎಚ್ಚರವಹಿಸಿ.

ವಾಸ್ಕೊ_ಗ್ಯಾರೇಜ್:

ವರದಿಯ ಬಗ್ಗೆ ಒಂದು ಮಾತು. ಅದಿರು ಸಾಗಿಸುವ ಗಾಡಿಗಳ ಆಯಿಲಿನಲ್ಲಿ ಕಬ್ಬಿಣ ಹೆಚ್ಚಿದೆ ಎಂದು ಬಂದಾಗ ಲೈನರ್ ಸವೆದಿದೆ ಎಂದು ನಾನು ಗಾಬರಿಯಾಗುತ್ತಿದ್ದೆ. ಒಳಹೊಕ್ಕ ಧೂಳೇ ಕಬ್ಬಿಣದ ಅದಿರು ಎಂಬುದು ಹೊಳೆಯಲು ಬಹಳ ದಿನ ಬೇಕಾಯಿತು. ನಿಮ್ಮ ದ್ರಾಕ್ಷಿಗೆ ಆ ತೊಂದರೆಯಿಲ್ಲ.

ನಿಗಡಿ_ಲಾರಿ:

ಸರಿ. ಮಾರುವವರಿಗೆ ಸದ್ಯಕ್ಕೆ ಬೇಡವೆಂದು ಹೇಳಿದ್ದೇನೆ. ಭಾನುವಾರ ಬಿಎಸ್-4 ಲಾರಿಯ ಆಯಿಲ್ ಬದಲಿಸುವ ದಿನ. ಅಂದೇ ಮಾದರಿ ತೆಗೆಯಬೇಕೆಂದಿದ್ದೇನೆ. ಅದಕ್ಕೆ ಏನಾದರೂ ಕ್ರಮವಿದೆಯೆ?

ಚಿಂಚವಾಡ_ಡೀಸೆಲ್:

ಲಾರಿ ಓಡಿ ಬಂದು ಎಂಜಿನ್ ಬಿಸಿಯಿರುವಾಗಲೇ ಡ್ರೈನ್ ಬೋಲ್ಟ್ ತೆಗೆಸಿ. ಮೊದಲು ಬೀಳುವ ಆಯಿಲಿನಲ್ಲಿ ಚೇಂಬರಿನ ತಳದ ಗಸಿ ಇರುತ್ತದೆ, ಅದನ್ನು ಬಿಟ್ಟುಬಿಡಿ. ಧಾರೆ ಅರ್ಧ ಇಳಿದಾಗ ಪ್ರಯೋಗಾಲಯದವರು ಕೊಟ್ಟ ಸೀಸೆಯನ್ನೇ ಹಿಡಿದು ತುಂಬಿಸಿ ಕೂಡಲೇ ಮುಚ್ಚಿ. ನೀರಿನ ಬಾಟಲಿ ಬೇಡ. ಸೀಸೆಯ ಮೇಲೆ ಆಯಿಲಿನ ಹೆಸರು, ಅದು ಓಡಿದ ಕಿಲೋಮೀಟರ್, ನಡುವೆ ಎಷ್ಟು ಲೀಟರ್ ಟಾಪ್ ಅಪ್ ಮಾಡಿದ್ದೀರಿ ಎಂಬುದನ್ನು ಬರೆದು, ಹೊಸ ಡಬ್ಬಿಯಿಂದಲೂ ಒಂದು ಮಾದರಿಯನ್ನು ಜೊತೆಗೆ ಕಳುಹಿಸಿ. ವರದಿ ಬಂದ ಮೇಲೆ ಇಲ್ಲಿಯೇ ಹಾಕಿರಿ, ಕುಳಿತು ನೋಡೋಣ.